ಗೊತ್ತಿದ್ದವರು ಕೈ ಹಿಂದಿಡಿ

ನಾನು ಮುನಿರತ್ನಮ್ಮ. ಹಾಗಂದರೆ ಚನ್ನಪಟ್ಟಣದಲ್ಲಿ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ‘ಸ್ಕೇಲ್ ಮೇಡಂ’ ಅನ್ನಿ, ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನೂ ಮನೆ ತೋರಿಸುತ್ತಾನೆ. ಹೆದ್ದಾರಿ ಪಕ್ಕದ ಗೊಂಬೆ ಅಂಗಡಿಯ ಮಹಡಿ ಮೇಲೆ ಬಹಳ ಕಾಲ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು ನಾನು. ಕೀಲಿಮಣೆ ನೋಡಿಕೊಂಡು ಟೈಪ್ ಮಾಡಿದವರ ಬೆರಳಿಗೆ ಮರದ ಸ್ಕೇಲಿನಿಂದ ಒಂದು ಬೀಳುತ್ತಿತ್ತು. ಒಬ್ಬ ತಹಸೀಲ್ದಾರರ ಹೆಂಡತಿಗೂ ಬಿದ್ದಿದೆ. ಅವತ್ತು ಬೈದುಕೊಂಡು ಮೆಟ್ಟಿಲಿಳಿದವರೇ ಆಮೇಲೆ ಪಾಸಾಗಿ ಪೇಡ ತಂದುಕೊಟ್ಟಿದ್ದಾರೆ, ಅದನ್ನೂ ಹೇಳಬೇಕಲ್ಲ.

ಆದರೆ ಇದು ನನ್ನ ಕಥೆಯಲ್ಲ, ನಿಖಾತ್‌ಳದು. ಪೇಪರಿನವರು ದೊಡ್ಡವರ ಬಗ್ಗೆ ಬರೆದುಕೊಳ್ಳುತ್ತಾರೆ. ಅವಳ ಬಗ್ಗೆ ನಾನು ಬರೆಯದೆ ಇನ್ಯಾರು ಬರೆಯಬೇಕು?

ನಿಖಾತ್ ಗೊಂಬೆ ಮಾಡುವ ಇದ್ರೀಸ್ ಸಾಬರ ಮಗಳು. ನಮ್ಮೂರ ಗೊಂಬೆ ಕೆಲಸದಲ್ಲಿ ಮರ ಕಡೆಯುವ ಲೇತಿನ ಮುಂದೆ ಕೂರುವವರು ಹೆಚ್ಚಾಗಿ ಗಂಡಸರು. ಹೆಂಗಸರ ಪಾಲಿಗೆ ಬಣ್ಣ, ಪಾಲಿಶು, ಪ್ಯಾಕಿಂಗು. ಇದ್ರೀಸ್ ಸಾಬರಿಗೆ ಗಂಡುಮಕ್ಕಳಿರಲಿಲ್ಲ, ಅದಕ್ಕೇ ಅವಳನ್ನು ಕೂರಿಸಿದರು ಅಂದುಕೊಳ್ಳಬೇಡಿ. ಇಬ್ಬರಿದ್ದರು. ಅವರಿಬ್ಬರಿಗೂ ಕೈ ನಿಲ್ಲುತ್ತಿರಲಿಲ್ಲ, ಇವಳಿಗೆ ನಿಲ್ಲುತ್ತಿತ್ತು. ಬೀದಿಯವರು ಏನೇನೋ ಅಂದರು. ಇದ್ರೀಸ್ ಸಾಬರು ಲೇತಿನ ಸದ್ದಿನಲ್ಲಿ ಕೇಳಿಸಲಿಲ್ಲ ಅಂತ ಸುಮ್ಮನಿದ್ದುಬಿಟ್ಟರು. ಹುಡುಗಿ ಬುಗುರಿ, ಗಿಲಕಿ ಕಡೆಯುತ್ತಲೇ ಪಿಯುಸಿ ಮುಗಿಸಿದಳು, ಆಮೇಲೆ ನನ್ನ ಹತ್ತಿರ ಬಂದು ಇಂಗ್ಲಿಷ್, ಕನ್ನಡ ಎರಡರಲ್ಲೂ ಸೀನಿಯರ್ ಪಾಸು ಮಾಡಿದಳು. ಅವಳ ಬೆರಳಿಗೆ ನಾನು ಸ್ಕೇಲು ಬಿಟ್ಟದ್ದು ಕಡಿಮೆ. ಬಾಯಿಗೆ ಬಿಡಬೇಕಿತ್ತು, ಎದುರುತ್ತರ ಕೊಡುವುದರಲ್ಲಿ ಎತ್ತಿದ ಕೈ. ಅದಕ್ಕೇ ಅವಳನ್ನು ಕೆಲಸಕ್ಕೆ ಇಟ್ಟುಕೊಂಡೆ.

ಎರಡು ಸಾವಿರದ ನಾಲ್ಕು, ಐದರ ಹೊತ್ತಿಗೆ ಟೈಪ್‌ರೈಟರುಗಳು ಗುಜರಿಗೆ ಹೋಗಿ ಆ ಜಾಗದಲ್ಲಿ ಹಳೆಯ ಕಂಪ್ಯೂಟರುಗಳು ಬಂದು ಕೂತವು. ಆಗಲೇ ಅಶ್ವಥ್ ಮೆಟ್ಟಿಲು ಹತ್ತಿ ಬಂದದ್ದು. ಮಾಗಡಿ ಕಡೆ ಕಲ್ಯದವನು, ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಇಂಜಿನಿಯರು, ನಮ್ಮ ಊರಲ್ಲೇ ಬಾಡಿಗೆಗಿದ್ದ. ಭಾನುವಾರ ಸಂಜೆ ನಿಮ್ಮ ರೂಮು ಕೊಡಿ, ಮುಕ್ತ ತಂತ್ರಾಂಶದ ಬಳಗ ಮಾಡುತ್ತೇವೆ ಅಂದ. ಹಾಗಂದರೇನಪ್ಪಾ ಅಂತ ಕೇಳಿದೆ.

“ಮೇಡಂ, ಈಗ ನೀವು ಅಂಗಡಿಯಿಂದ ಸಾರಿನ ಪುಡಿ ತತ್ತೀರಿ. ಅದ್ರಲ್ಲಿ ಏನೇನ್ ಹಾಕವ್ರೆ ಅಂತ ಅವರು ಹೇಳಾಕಿಲ್ಲ. ನಮ್ದು ಹಂಗಲ್ಲ. ಪುಡೀನೂ ಕೊಡ್ತೀವಿ, ಮಾಡೋ ವಿಧಾನಾನೂ ಕೊಡ್ತೀವಿ. ಖಾರ ಜಾಸ್ತಿ ಅನ್ಸುದ್ರೆ ನೀವೇ ತಿದ್ದಿ ಊರಿಗೆಲ್ಲ ಹಂಚಬೋದು. ಯಾರ್ ಬೇಕಾದ್ರೂ ಮಾಡಬೋದು ಮೇಡಂ, ದೊಡ್ಡೋರು ಚಿಕ್ಕೋರು ಅಂತ ಇಲ್ಲ.”

ಮಾತು ಚೆನ್ನಾಗಿತ್ತು, ಹುಡುಗನೂ ಒಳ್ಳೆಯವನು. ರೂಮು ಕೊಟ್ಟೆ. ಬಾಗಿಲಿಗೆ ‘ಎಲ್ಲರಿಗೂ ಸ್ವಾಗತ’ ಅಂತ ಅಂಟಿಸಿದರು. ವಾರ ವಾರ ಬಂದವರು ಯಾರು? ಬರೀ ಹುಡುಗರು. ಅಶ್ವಥ್, ಅವನ ಕಾರ್ಖಾನೆಯ ಗೆಳೆಯ ಬಾಲರಾಜು, ಇನ್ನೊಂದಷ್ಟು ಮೀಸೆ ಚಿಗುರಿದವರು. ನನಗೆ ಮೈ ಉರಿಯಿತು. ಇದೇ ರೂಮಿನಲ್ಲಿ ಇದೇ ಬೆಂಚಿನ ಮೇಲೆ ಮುಕ್ಕಾಲು ಪಾಲು ಹೆಣ್ಣುಮಕ್ಕಳು ಕೂತು ಕಲಿತವರು. ಅದೇ ಕೀಲಿಮಣೆ, ಎದುರಿಗೆ ಒಂದು ಟಿವಿ ಇಟ್ಟ ಕೂಡಲೆ ಅವರೆಲ್ಲ ಎಲ್ಲಿ ಮಾಯವಾದರು?

“ನಾವು ಬರಬೇಡಿ ಅಂದಿಲ್ವಲ್ಲ ಮೇಡಂ, ಬಾಗ್ಲು ತೆಗ್ದೇ ಐತೆ,” ಅಂದ ಅಶ್ವಥ್.

ಮೂಲೆಯಲ್ಲಿ ಕೂತು ಯಾರದೋ ಅರ್ಜಿ ಟೈಪ್ ಮಾಡುತ್ತಿದ್ದ ನಿಖಾತ್ ತಲೆ ಎತ್ತಿದಳು. “ಸಂಜೆ ಆರಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸ್ತೀರಿ. ಹಳ್ಳಿ ಕಡೆ ಬಸ್ಸು ಆಗ ಎಲ್ಲೈತೆ ಸರ್? ಇದರ ಬೀಗದ ಕೈ ನನ್ನತ್ರ ಐತೆ. ಮುಂದಿನ ವಾರದಿಂದ ಬೆಳಿಗ್ಗೆ ಹತ್ತಕ್ಕೆ ತೆಗೀತೀನಿ. ಸಂಜೆಗೆ ತೆಗಿಯಾಕಿಲ್ಲ.”

ಬಾಲರಾಜು “ಭಾನುವಾರಾನೂ ಬೆಳಿಗ್ಗೆ ಏಳಬೇಕೇನ್ಲಾ?” ಅಂತ ಅಶ್ವಥ್‌ನ ಕಡೆ ತಿರುಗಿ ಗೊಣಗಿದ. ಮುಂದಿನ ಭಾನುವಾರ ಎದ್ದು ಬಂದ, ಎಲ್ಲಿ ಹೋಗುತ್ತಾನೆ.

ಬೆಳಿಗ್ಗೆಗೆ ಬದಲಾದ ಮೇಲೆ ಬಂದ ಮೊದಲ ಹೆಂಗಸು ರಾಧಾಮಣಿ, ನನ್ನ ಹಳೆಯ ಶಿಷ್ಯೆ. ಸಾತನೂರಿನವಳು. ಕನಕಪುರದ ತಾಲ್ಲೂಕು ಕಚೇರಿ ಮುಂದೆ ಕೊಡೆ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ, ಅಫಿಡವಿಟ್ಟು ಹೊಡೆದುಕೊಟ್ಟು ಸಂಸಾರ ನಡೆಸಿದ್ದಳು. ಎಲ್ಲರೂ ಕಂಪ್ಯೂಟರ್ ಪ್ರಿಂಟು ಕೇಳತೊಡಗಿದ ಮೇಲೆ ಕೊಡೆ ಮಡಚಿ, ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಡಬ್ಬಕ್ಕೆ ಲೇಬಲ್ ಅಂಟಿಸುವ ಕೆಲಸಕ್ಕೆ ಸೇರಿದ್ದಳು. ಕನ್ನಡ ಕಂಪ್ಯೂಟರ್ ಕಲಿತು ಮತ್ತೆ ಕೊಡೆ ಬಿಚ್ಚಬೇಕು ಅನ್ನುವುದು ಅವಳ ಆಸೆ. ಕೂತಳು, ಬೆನ್ನು ನೆಟ್ಟಗೆ ಮಾಡಿ ನಾನು ಕಲಿಸಿದ ಹಾಗೆ ಕೀಲಿಮಣೆ ನೋಡದೆ ಬೆರಳು ಓಡಿಸಿದಳು. ಪರದೆಯ ಮೇಲೆ ಬಂದದ್ದು ಅರ್ಥವಿಲ್ಲದ ಅಕ್ಷರಗಳ ರಾಶಿ.

ಆಗಿದ್ದೇನೆಂದರೆ, ಟೈಪ್‌ರೈಟರಿನಲ್ಲಿ ಅಕ್ಷರಗಳು ಒಂದು ಕಡೆ ಇದ್ದರೆ ಆ ಕಂಪ್ಯೂಟರಿನಲ್ಲಿ ಇನ್ನೊಂದು ಕಡೆ. ಹುಡುಗರು ಹಿಂದೆ ಮುಸಿಮುಸಿ ನಕ್ಕರು. ರಾಧಾಮಣಿ ಎದ್ದು ಬ್ಯಾಗು ತಗುಲಿಸಿಕೊಂಡಳು. “ನನ್ ಬೆರಳೇ ನನ್ ಮಾತು ಕೇಳ್ತಿಲ್ಲ ಮೇಡಂ. ಬುಡಿ, ಇದು ನಮ್ಮಂಥೋರ್ಗಲ್ಲ.”

ನಿಖಾತ್ ಬಾಗಿಲಿಗೆ ಅಡ್ಡ ನಿಂತಳು. “ಅಕ್ಕಾ, ನಿನ್ ಬೆರಳು ಸರಿಯಾಗೇ ಐತೆ. ಮಿಷನ್ನೇ ತಪ್ಪು ಕಲ್ತೈತೆ. ಇದನ್ನ ಯಾರ್ ಬೇಕಾದ್ರೂ ತಿದ್ದಬೋದು ಅಂತ ಇವರೇ ಅಲ್ವಾ ಹೇಳಿದ್ದು? ನಾನು ತಿದ್ತೀನಿ.”

ಅಂದಳು, ಹಿಡಿದಳು. ಹಿಡಿದರೆ ಬಿಡುವ ಜಾತಿಯಲ್ಲ ಅದು. ಹಗಲು ಇನ್‌ಸ್ಟಿಟ್ಯೂಟಿನ ಕೆಲಸ, ಮಧ್ಯೆ ಮಧ್ಯೆ ಈ ತಿದ್ದುವ ಕೆಲಸ. ಟೈಪ್‌ರೈಟರ್ ಕಲಿತ ಕೈ ಯಾವ ಕೀಲಿ ಒತ್ತಿದರೆ ಕಂಪ್ಯೂಟರು ಏನು ತಿಳಿದುಕೊಳ್ಳಬೇಕು ಅಂತ ಒಂದೊಂದಾಗಿ ಬರೆಯುತ್ತ ಹೋದಳು. ಗೊತ್ತಾಗದ್ದನ್ನು ಅಶ್ವಥ್‌ನನ್ನು ಕೇಳಿದಳು, ಅವನೂ ಬೇಸರವಿಲ್ಲದೆ ಹೇಳಿದ. ಇಷ್ಟರಲ್ಲಿ ಸುದ್ದಿ ಹಬ್ಬಿ ನನ್ನ ಹಳೆಯ ಶಿಷ್ಯೆಯರು ಒಬ್ಬೊಬ್ಬರಾಗಿ ಬಂದು ಬೆಂಚು ತುಂಬತೊಡಗಿದರು. ಕೊನೆಗೆ ಅರ್ಕಾವತ್ತು ಒಂದು ಉಳಿಯಿತು. ಟೈಪ್‌ರೈಟರಿನಲ್ಲಿ ಅದನ್ನು ಅಕ್ಷರ ಆದಮೇಲೆ ಒತ್ತಬೇಕು, ಕಂಪ್ಯೂಟರಿಗೆ ಮೊದಲೇ ಬೇಕು. ಅದು ಅವಳನ್ನು ವಾರಗಟ್ಟಲೆ ಆಟ ಆಡಿಸಿತು.

ಒಂದು ಭಾನುವಾರ ಅವಳು ಅದರಲ್ಲೇ ತಲೆ ಕೆಡಿಸಿಕೊಂಡು ಕೂತಿದ್ದಾಗ ಅಶ್ವಥ್ ಹಿಂದಿನಿಂದ ಬಗ್ಗಿ ನೋಡಿದ. “ಒಂದ್ನಿಮಿಷ ಕೊಡಿ ಇಲ್ಲಿ,” ಅಂದ, ಕೀಲಿಮಣೆ ತನ್ನ ಕಡೆ ಎಳೆದುಕೊಂಡ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಟ್ಟ. ಅಷ್ಟಕ್ಕೇ ಬಿಟ್ಟನೇ? ಇಲ್ಲ. ಅವಳು ಬರೆದದ್ದು ಉದ್ದವಾಯಿತು ಅಂತ ಎಲ್ಲವನ್ನೂ ತನ್ನ ಥರದಲ್ಲಿ ಬರೆದು, ಹೊರದೇಶದಲ್ಲಿ ಕೂತು ಈ ತಂತ್ರಾಂಶ ನೋಡಿಕೊಳ್ಳುವವರಿಗೆ ಅಲ್ಲಿಂದಲೇ ಕಳಿಸಿದ. ಅವರು ಒಪ್ಪಿಕೊಂಡರು. ಮುಂದಿನ ವಾರ ಮದ್ದೂರು ವಡೆ ಹೊತ್ತುಕೊಂಡು ಬಂದು ಎಲ್ಲರಿಗೂ ಹಂಚಿದ. ಪರದೆಯ ಮೇಲೆ ಮಾಡಿದವರ ಹೆಸರು ತೋರಿಸಿದ: ಅಶ್ವಥ್.

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಅವನಿಗೆ ಮೋಸದ ಯೋಚನೆ ಇರಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ. ಸಹಾಯ ಮಾಡಿದೆ ಅಂತ ಮುಖ ಅರಳಿಸಿಕೊಂಡೇ ನಿಂತಿದ್ದ. ಅದು ನನಗೆ ಇನ್ನೂ ಸಿಟ್ಟು ತರಿಸಿತು. ನಿಖಾತ್ ವಡೆ ಮುಟ್ಟಲಿಲ್ಲ. ಬೀಗದ ಕೈ ನನ್ನ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದಳು. ಮಾರನೆಯ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ಅವಳು ಹೋದ ಮೇಲೆ ಬೆಂಚಿನ ಹೆಂಗಸರೂ ಕರಗತೊಡಗಿದರು. ರಾಧಾಮಣಿ ಮಾತ್ರ ಬಂದು, ನಿಖಾತ್ ಎಲ್ಲಿ ಅಂತ ಕೇಳಿ ಪೆಚ್ಚಾಗಿ ಕೂರುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ತಂತ್ರಾಂಶದ ಹೊಸ ಆವೃತ್ತಿ ಬರುತ್ತಿತ್ತು, ಅದರಲ್ಲಿ ಈ ತಿದ್ದಿದ ಕೀಲಿಮಣೆ ಜೋಡಣೆ ಕೆಲಸ ಮಾಡುತ್ತಿರಲಿಲ್ಲ. ಹೊರದೇಶದವರು ಕೇಳಿದರು: ಇದನ್ನು ಕಾಯಂ ನೋಡಿಕೊಳ್ಳುವವರು ಯಾರು? ಬರುವ ಸೋಮವಾರದೊಳಗೆ ಸರಿಮಾಡಿ ಕಳಿಸಿ, ಇಲ್ಲದಿದ್ದರೆ ತೆಗೆದುಹಾಕುತ್ತೇವೆ. ತೆಗೆದುಹಾಕಿದರೆ ರಾಧಾಮಣಿಯ ಕೊಡೆ ಮಡಚಿದ್ದು ಮಡಚಿದಂತೆಯೇ.

“ಯೋಚ್ನೆ ಮಾಡ್ಬೇಡಿ ಮೇಡಂ, ನಾನು ಒಂದ್ ಗಂಟೇಲಿ ಮಾಡ್ಬುಡ್ತೀನಿ,” ಅಂದ ಅಶ್ವಥ್.

“ಮುಟ್ಟಿದರೆ ನೋಡು,” ಅಂದೆ. ಚಪ್ಪಲಿ ಮೆಟ್ಟಿಕೊಂಡು ಇದ್ರೀಸ್ ಸಾಬರ ಮನೆಗೆ ನಡೆದೆ.

ಮನೆಯ ಮುಂದಿನ ಕೋಣೆಯಲ್ಲೇ ಲೇತು. ನಿಖಾತ್ ಉಳಿ ಹಿಡಿದು ಬುಗುರಿ ಕಡೆಯುತ್ತಿದ್ದಳು, ಕಾಲ ಸುತ್ತ ಮರದ ಹೊಟ್ಟು. ಪಕ್ಕದಲ್ಲಿ ಎರಡು ಬುಟ್ಟಿ. ಇದ್ರೀಸ್ ಸಾಬರು ನನಗೆ ಸ್ಟೂಲು ಹಾಕಿ ಚಹಾ ಹೇಳಿದರು. ನಾನು ವಿಷಯವೆಲ್ಲ ಹೇಳಿದೆ. ಅವಳು ಲೇತು ನಿಲ್ಲಿಸಲೇ ಇಲ್ಲ.

“ಯಾಕೆ ಬರ್ತಿಲ್ಲ ನೀನು? ಹೆಸರು ಬರಲಿಲ್ಲ ಅಂತ ಸಿಟ್ಟೇ?” ಅಂತ ಕೇಳಿದೆ.

ಈಗ ನಿಲ್ಲಿಸಿದಳು. “ಹೆಸರಲ್ಲ ಮೇಡಂ. ನನ್ ಬುಟ್ಟಿಗೆ ಏನೂ ಬೀಳ್ಲಿಲ್ಲ.”

ನನಗೆ ತಿಳಿಯಲಿಲ್ಲ. ಇದ್ರೀಸ್ ಸಾಬರು ಬಿಡಿಸಿ ಹೇಳಿದರು. ಅವರ ಉಸ್ತಾದರ ಕಾಲದಿಂದ ಬಂದ ಕಟ್ಟಳೆಯಂತೆ. ಕಲಿಯುವವರಿಗೊಂದು ಬುಟ್ಟಿ, ಉಸ್ತಾದರಿಗೊಂದು ಬುಟ್ಟಿ. ಕಲಿಯುವವರು ಕಡೆಯುವಾಗ ಉಸ್ತಾದ ಒಂದು ಸಲ ಉಳಿ ಮುಟ್ಟಿದರೂ ಆ ಗೊಂಬೆ ಉಸ್ತಾದನ ಬುಟ್ಟಿಗೆ. “ಅದಕ್ಕೇ ಕಲಿಸೋನು ಕೈ ಹಿಂದೆ ಕಟ್ಕೊಂಡು ನಿಂತ್ಕೋಬೇಕು ಮೇಡಂ. ಬಾಯಲ್ಲಿ ಎಷ್ಟ್ ಬೇಕಾದ್ರೂ ಹೇಳ್ಬೋದು. ನನ್ ಬೇಟಿ ಮೊದಲ ಬುಗುರಿ ಮಾಡುವಾಗ ಹಾಲೆ ಮರ ಎಷ್ಟ್ ಹಾಳು ಮಾಡಿದ್ಲು ಅಂತೀರಿ! ಕೈಗೆ ಕಚಗುಳಿ ಇಟ್ಟಂಗೆ ಆಗ್ತಿತ್ತು ನನಗೆ. ಮುಟ್ಲಿಲ್ಲ. ಮುಟ್ಟಿದ್ರೆ ಅವತ್ತಿನ ಬುಗುರಿ ಚೆನ್ನಾಗಾಗ್ತಿತ್ತು, ಹುಡುಗಿ ಕೆಡ್ತಿದ್ಲು.”

ನಿಖಾತ್ ಹೊಟ್ಟು ಕೊಡವಿಕೊಂಡು ಎದ್ದಳು. “ಅಶ್ವಥ್ ಸರ್ ಒಂದ್ ಗಂಟೇಲಿ ಮಾಡ್ತಾರೆ, ನಂಗೊತ್ತು. ಆಮೇಲೆ ಕೆಟ್ಟಾಗ ಮತ್ತೆ ಅವರೇ ಬೇಕು. ಅವರಿಗೆ ಟೈಮಿಲ್ಲ ಅಂದ್ರೆ ನಾವೆಲ್ಲ ಬ್ಯಾಗ್ ಹಾಕ್ಕೊಂಡು ಮನೆಗೆ. ಬಾಗ್ಲು ತೆಗೆದಿದ್ರೆ ಸಾಕಾ ಮೇಡಂ? ಒಳಗೆ ಬಂದೋರ ಕೈಯಿಂದ ಕಿತ್ಕೋಬಾರ್ದು. ನಾನು ಬತ್ತೀನಿ. ಕೆಲಸ ನಾನೇ ಮಾಡ್ತೀನಿ. ಆದ್ರೆ ಗೊತ್ತಿರೋರೆಲ್ಲ ಕೈ ಹಿಂದೆ ಕಟ್ಕೋಬೇಕು. ಒಪ್ಪದಿದ್ರೆ ಬರಾಕಿಲ್ಲ.”

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯನ್ನು ಕಟ್ಟಿಹಾಕುವ ಉಪಾಯ ನನ್ನ ಕಣ್ಣ ಮುಂದೆ ಬುಟ್ಟಿಯ ಪಕ್ಕ ನಿಂತಿತ್ತು. ಆ ಹುಡುಗಿಯನ್ನು ತಬ್ಬಿಕೊಳ್ಳಬೇಕು ಅನಿಸಿತು. ತಬ್ಬಿಕೊಂಡೆ ಕೂಡ, ಸೀರೆಗೆಲ್ಲ ಅರಗಿನ ಬಣ್ಣ ಹತ್ತಿತು.

ಭಾನುವಾರ ಹತ್ತಕ್ಕೆ ನಿಖಾತ್ ತಾನೇ ಬೀಗ ತೆಗೆದಳು. ಕಟ್ಟಳೆ ಹೇಳಿದಳು. ಬಾಲರಾಜು ಕೊಂಕು ತೆಗೆದ: “ಇದೇನು ಮಗ್ಗಿ ಹೇಳ್ದೇ ಇದ್ದೋರ್ಗೆ ಕೊಡೋ ಶಿಕ್ಷೆನಾ? ನಾಳೆ ಕಡೇ ದಿನ ಕಣ್ಲಾ ಅಶ್ವಥ, ಹಿಂಗೆ ಆಟ ಆಡ್ಕೊಂಡಿದ್ರೆ ಮುಗೀತದಾ?”

ಅಶ್ವಥ್ ಅವಳನ್ನೇ ನೋಡುತ್ತ ನಿಂತಿದ್ದ. “ನಾನು ಸಹಾಯ ಮಾಡ್ದೆ ಅಂದ್ಕಂಡಿದ್ದೆ,” ಅಂದ ಮೆಲ್ಲಗೆ.

“ಮಾಡಿದ್ರಿ ಸರ್. ಈಗ ಇನ್ನೂ ಜಾಸ್ತಿ ಮಾಡಿ. ಮುಟ್ಟಬೇಡಿ.”

ಅವನು ಕೈ ಹಿಂದೆ ಕಟ್ಟಿಕೊಂಡ. ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ನನ್ನ ಹಳೆಯ ಸ್ಕೇಲನ್ನು ನಾನು ಇಳಿಸಿಕೊಂಡೆ. ಕಟ್ಟಳೆ ಅಂದ ಮೇಲೆ ಕಾಯುವವರೂ ಬೇಕಲ್ಲ.

ಕೆಲಸ ಶುರುವಾಯಿತು. ಅಶ್ವಥ್ ಬರೆದದ್ದನ್ನು ನಿಖಾತ್ ಮೊದಲು ಪೂರ್ತಿ ಓದಿ ಅರ್ಥ ಮಾಡಿಕೊಳ್ಳಬೇಕಿತ್ತು. ಅದಕ್ಕೇ ಎಷ್ಟೋ ಹೊತ್ತು ಹಿಡಿಯಿತು. ಅವಳು ತಿದ್ದುವುದು, ಪಕ್ಕದ ಕಂಪ್ಯೂಟರಿನಲ್ಲಿ ರಾಧಾಮಣಿ ಟೈಪ್ ಮಾಡಿ ನೋಡುವುದು, “ಇಲ್ಲ ಕಣೆ, ಇನ್ನೂ ವಕ್ರ ಬತ್ತೈತೆ,” ಅನ್ನುವುದು, ಮತ್ತೆ ತಿದ್ದುವುದು. ತಪ್ಪು ಎಲ್ಲಿದೆ ಅಂತ ಅಶ್ವಥ್‌ಗೆ ಕಾಣುತ್ತಿತ್ತು. ಅವನ ಬಲಗೈ ಲಡ್ಡು ಕಂಡ ಮಗುವಿನ ಕೈಯ ಹಾಗೆ ತನ್ನಷ್ಟಕ್ಕೆ ಮುಂದೆ ಬಂತು. ಸ್ಕೇಲು ಬಿತ್ತು. ಇಂಜಿನಿಯರು ‘ಹಾ!’ ಅಂತ ಕೈ ಕೊಡವಿ ಹಿಂದಕ್ಕೆ ತೆಗೆದುಕೊಂಡ. ಸುದ್ದಿ ಕೇಳಿ ಬಂದಿದ್ದ ಒಂದಿಬ್ಬರು ಹೆಂಗಸರು ಗೊಳ್ಳೆಂದರು.

ಊಟದ ಹೊತ್ತಿಗೆ ಕರೆಂಟು ಹೋಯಿತು. ಬಾಲರಾಜು ಮುಗಿಯಿತು ಕಥೆ ಅನ್ನುವಂತೆ ನೋಡಿದ. ನನಗೂ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಈ ಹುಡುಗಿಯ ಹಟಕ್ಕೆ ಇದ್ದದ್ದೂ ಕೈ ಬಿಟ್ಟು ಹೋದರೆ ರಾಧಾಮಣಿಗೆ ಏನು ಹೇಳಲಿ? ಅಶ್ವಥ್‌ನನ್ನೇ ಬೇಡಿಕೊಳ್ಳೋಣ ಅಂತ ಬಾಯಿಯವರೆಗೂ ಬಂತು. ನಿಖಾತ್ ಕಿಟಕಿ ತೆಗೆದು, ಗೋಡೆಯ ಕಪ್ಪು ಹಲಗೆಯ ಮೇಲೆ ಚಾಕ್‌ಪೀಸಿನಲ್ಲಿ, ಮತ್ತೆ ಕೈಕೊಡುತ್ತಿದ್ದ ಅರ್ಕಾವತ್ತಿನ ಭಾಗವನ್ನು ನೆನಪಿನಿಂದಲೇ ಬರೆಯತೊಡಗಿದಳು. ಅಶ್ವಥ್ ಕೈ ಹಿಂದಿಟ್ಟುಕೊಂಡೇ ಹತ್ತಿರ ಹೋಗಿ ನಿಂತ. “ಮೇಲಿನ ಸಾಲಿಂದ ಇನ್ನೊಂದ್ ಸಲ ಓದಿ. ಒಸಿ ನಿಧಾನಕ್ಕೆ,” ಅಂದ. ಅಷ್ಟೇ ಅಂದ.

ಓದಿದಳು. ಎರಡನೆಯ ಸಲ ಓದುವಾಗ ಮಧ್ಯೆ ನಿಂತಳು. ಚಾಕ್‌ಪೀಸು ಹಲಗೆಗೆ ಒತ್ತಿ ಒಂದು ಗೆರೆ ಹೊಡೆದು ಹಾಕಿ ಅದರ ಕೆಳಗೆ ಬೇರೆ ಬರೆದಳು. ಅಶ್ವಥ್ ತಲೆ ಆಡಿಸಿದ, ಅವನ ಮುಖ ನೋಡಿದರೆ ತಾನೇ ಗೆದ್ದವನಂತೆ ಇತ್ತು. ಕರೆಂಟು ಬಂದ ಕೂಡಲೆ ಅದನ್ನು ಕಂಪ್ಯೂಟರಿಗೆ ಹಾಕಿದಳು. ರಾಧಾಮಣಿ ಬೆನ್ನು ನೆಟ್ಟಗೆ ಮಾಡಿ ಕೂತು, ತಾಲ್ಲೂಕು ಕಚೇರಿಯ ಮುಂದೆ ಎಷ್ಟೋ ಸಲ ಹೊಡೆದಿದ್ದ ಸಾಲನ್ನೇ ಹೊಡೆದಳು: ಮಾನ್ಯ ತಹಸೀಲ್ದಾರರವರಿಗೆ, ಅರ್ಜಿದಾರರು ವಿನಂತಿಸಿಕೊಳ್ಳುವುದೇನೆಂದರೆ. ಒಂದು ಅಕ್ಷರ ತಪ್ಪಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ನಾನೂ ಒರೆಸಿಕೊಂಡೆ.

ಕಳಿಸುವ ಮುಂಚೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಬರೆಯಬೇಕಿತ್ತು. ನಿಖಾತ್‌ಗೆ ಗೊತ್ತಿದ್ದ ಇಂಗ್ಲಿಷು ನಾನು ಟೈಪಿಂಗ್ ಪರೀಕ್ಷೆಗೆ ಹೊಡೆಸಿದ್ದ ವ್ಯಾಪಾರಿ ಪತ್ರಗಳದು. ‘ಘನವೆತ್ತ ಮಹಾಶಯರೇ, ತಮ್ಮ ಪತ್ರವು ತಲುಪಿ ಸಂತೋಷವಾಯಿತು, ಸರಕನ್ನು ಸುಸ್ಥಿತಿಯಲ್ಲಿ ರವಾನಿಸಿರುತ್ತೇವೆ’ ಅನ್ನುವ ಧಾಟಿಯಲ್ಲೇ ಹೊಡೆದು ಕಳಿಸಿದಳು. ಅಶ್ವಥ್ ಹಣೆ ಚಚ್ಚಿಕೊಳ್ಳಲು ಕೈ ಎತ್ತಿದವನು ನನ್ನ ಸ್ಕೇಲು ನೋಡಿ ಮತ್ತೆ ಹಿಂದಕ್ಕೆ ಕಟ್ಟಿಕೊಂಡ.

ಉತ್ತರ ಬುಧವಾರ ಬಂತು. ಸರಕು ಸುಸ್ಥಿತಿಯಲ್ಲಿ ತಲುಪಿದೆ ಅಂತ ಹೊರದೇಶದ ಆ ಪುಣ್ಯಾತ್ಮ ಅದೇ ಧಾಟಿಯಲ್ಲಿ ಬರೆದಿದ್ದ. ಕೀಲಿಮಣೆ ಉಳಿಯಿತು. ಅದನ್ನು ನೋಡಿಕೊಳ್ಳುವವರು ಅನ್ನುವ ಕಡೆ ಅಶ್ವಥ್‌ನ ಹೆಸರು ಹೋಗಿತ್ತು, ಅವನೇ ತೆಗೆಯಿರಿ ಅಂತ ಬರೆದಿದ್ದನಂತೆ. ಆ ಜಾಗದಲ್ಲಿ ನಿಖಾತ್, ಚನ್ನಪಟ್ಟಣ ಅಂತ ಇತ್ತು. ಇದ್ರೀಸ್ ಸಾಬರು ಮೊದಲ ಸಲ ನನ್ನ ಮೆಟ್ಟಿಲು ಹತ್ತಿ ಬಂದರು. ಇಂಗ್ಲಿಷು ಬಾರದ ಅವರಿಗೆ ಮಗಳು ಬೆರಳಿಟ್ಟು ತೋರಿಸಿದಳು.

“ಯಾರ ಬುಟ್ಟಿ ಇದು?” ಅಂತ ಕೇಳಿದರು.

“ನಂದೇ ಅಬ್ಬಾ.”

ಅವರು ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ಪರದೆ ನೋಡುತ್ತ ನಿಂತರು.

ಮುಂದಿನ ಭಾನುವಾರದ ಹೊತ್ತಿಗೆ ಬೆಂಚು ಮತ್ತೆ ತುಂಬಿತ್ತು. ಬಾಗಿಲ ಮೇಲಿನ ಸ್ವಾಗತದ ಕೆಳಗೆ ಬಾಲರಾಜುವೇ ತನ್ನ ದಪ್ಪ ಅಕ್ಷರದಲ್ಲಿ ‘ಗೊತ್ತಿದ್ದವರು ಕೈ ಹಿಂದಿಡಿ’ ಅಂತ ಬರೆದು ಅಂಟಿಸಿದ. ರಾಧಾಮಣಿ ಹೊಸ ಬೇಡಿಕೆ ತಂದಿದ್ದಳು. ಜಮೀನಿನ ಅರ್ಜಿಗಳಿಗೆ ಕಾಲು, ಅರ್ಧ, ಮುಕ್ಕಾಲು ಬರೆಯುವ ಕೀಲಿ ಟೈಪ್‌ರೈಟರಿನಲ್ಲಿತ್ತು, ಇದರಲ್ಲಿ ಇಲ್ಲ. “ನಾನೇ ಸೇರಿಸ್ತೀನಿ, ಹೆಂಗೆ ಅಂತ ಹೇಳ್ಕೊಡು,” ಅಂತ ನಿಖಾತ್‌ಳ ಕುರ್ಚಿಯಲ್ಲಿ ಕೂತಳು. ನಿಖಾತ್ ಹಿಂದೆ ನಿಂತು ಹೇಳುತ್ತಿದ್ದಳು. ಒಂದು ಕಡೆ ರಾಧಾಮಣಿ ಸಿಕ್ಕಿಹಾಕಿಕೊಂಡಳು. ಮೇಲೆ ಹೋದಳು, ಕೆಳಗೆ ಬಂದಳು, ಅಲ್ಲೇ ಸುತ್ತಿದಳು. ನಿಖಾತ್ ಕಾಲು ಬದಲಿಸಿದಳು, ತುಟಿ ಕಚ್ಚಿದಳು. ಆಮೇಲೆ “ಒಂದ್ನಿಮಿಷ ಕೊಡಕ್ಕ ಇಲ್ಲಿ,” ಅಂತ ಕೈ ಮುಂದೆ ಚಾಚಿದಳು.

ಬಿಟ್ಟೆ ನೋಡಿ ಸ್ಕೇಲು.

“ಅಯ್ಯೋ ಮೇಡಂ!”

“ಏನ್ ಅಯ್ಯೋ? ಬುಟ್ಟಿ ಯಾರದು?”

ಅವಳು ಕೆಂಪಾದ ಬೆರಳು ನೋಡಿಕೊಂಡಳು. ಹಿಂದೆ ಅಶ್ವಥ್ ಕೈ ಕಟ್ಟಿಕೊಂಡೇ ಬಿದ್ದು ಬಿದ್ದು ನಗುತ್ತಿದ್ದ. ಅವಳಿಗೂ ನಗು ಬಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ರಾಧಾಮಣಿ ಮಾತ್ರ ತಲೆ ಎತ್ತಲಿಲ್ಲ. ಪರದೆಗೆ ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತಿದ್ದಳು.

“ಸುಮ್ಕಿರಿ ಒಸಿ ಎಲ್ಲಾರೂ,” ಅಂದಳು. “ಸಿಕ್ತು ನಂಗೆ.”